ಚಪ್ಪಲಿ ಮಗುಚಿ ನೋಡಿ ಕೊಳ್ಳಿ: ಕೊಲ್ಹಾಪುರಿಯ ಕೈಕೆಲಸ, ಫ್ಯಾಕ್ಟರಿ ಮಾಲು, ಮತ್ತು ನಡುವಿನದು

ಕೊಲ್ಹಾಪುರಿ ಚಪ್ಪಲಿಯ ಅಂಗಡಿಗೆ ಹೋದ ಗಿರಾಕಿಯ ಕಣ್ಣು ಮೊದಲು ಬೀಳುವುದು ಮೇಲಿನ ಹೆಣಿಗೆ, ಗೊಂಡೆ, ಜರಿಯ ಮೇಲೆ. ಮೋಸ ಇರುವುದು ತಳದಲ್ಲಿ. ಮೇಲಿನ ಪಟ್ಟಿಯನ್ನು ಯಂತ್ರ ಇವತ್ತು ಅಚ್ಚುಕಟ್ಟಾಗಿಯೇ ನಕಲು ಮಾಡುತ್ತದೆ, ಕೆಲವೊಮ್ಮೆ ಕೈಕೆಲಸಕ್ಕಿಂತ ಚೊಕ್ಕವಾಗಿ. ಅಟ್ಟೆಯನ್ನು ನಕಲು ಮಾಡುವುದು ಅದಕ್ಕೆ ಸಾಧ್ಯವಾಗಿಲ್ಲ, ಮಾಡಬೇಕಾದ ಗರಜೂ ಅದಕ್ಕಿಲ್ಲ. ಕೊಳ್ಳುವವರು ತಳ ನೋಡುವುದೇ ಇಲ್ಲವಲ್ಲ! ಆದ್ದರಿಂದ ಈ ವಿಮರ್ಶೆಯ ಬಹುಪಾಲು ಅಟ್ಟೆಯ ಬಗ್ಗೆಯೇ. ಜತ್ತ, ಅಕ್ಕಲಕೋಟೆ, ಗಡಹಿಂಗ್ಲಜ, ಮಿರಜ ಕಡೆಯ ಕನ್ನಡಿಗರಿಗೆ ಈ ಚಪ್ಪಲಿ ಹೊಸದೇನಲ್ಲ. ಆದರೂ ಈಗ ಸಂತೆಯಲ್ಲಿ, ಜಾತ್ರೆಯಲ್ಲಿ, ಮೊಬೈಲಿನಲ್ಲಿ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಯಾವುದಕ್ಕೆ ಎಷ್ಟು ಕೊಡಬೇಕು, ಯಾವುದು ಎಷ್ಟು ಬಾಳುತ್ತದೆ ಎಂಬುದನ್ನು ಬಿಡಿಸಿ ಹೇಳುವ ಅಗತ್ಯವಿದೆ.

ಮೊದಲನೆಯದು ಪೂರಾ ಕೈಕೆಲಸದ್ದು. ಅಟ್ಟೆ, ಪಟ್ಟಿ, ಹೊಲಿಗೆಯ ಬಾರು ಎಲ್ಲವೂ ತೊಗಲು. ಮೊಳೆ ಇಲ್ಲ. ಎರಡನೆಯದು ಮಿಶ್ರ ಮಾಲು: ಅಟ್ಟೆ ತೊಗಲಿನದೇ, ಆದರೆ ಪ್ರೆಸ್ಸಿನಲ್ಲಿ ಕತ್ತರಿಸಿದ್ದು, ಸುತ್ತಲಿನ ಹೊಲಿಗೆ ಮಶೀನಿನ ನೈಲಾನ್ ದಾರದ್ದು, ಮೇಲಿನ ಹೆಣಿಗೆ ಮಾತ್ರ ಕೈಯದು. ಮೂರನೆಯದು ಫ್ಯಾಕ್ಟರಿ ಮಾಲು. ಮೇಲೆ ರೆಕ್ಸಿನ್ ಅಥವಾ ಪಿಯು (ತೊಗಲಿನಂತೆ ಕಾಣುವ ಪ್ಲಾಸ್ಟಿಕ್, ಪಾಲಿಯುರೆಥೇನ್), ಒಳಗೆ ಫೋಮ್, ಅಡಿಯಲ್ಲಿ ಲೆದರ್‌ಬೋರ್ಡ್ ಇಲ್ಲವೇ ಅಚ್ಚು ಹೊಯ್ದ ಪ್ಲಾಸ್ಟಿಕ್ ತಳ. ಅಂಚಿನಲ್ಲಿ ಕಾಣುವ ಹೊಲಿಗೆ ಬರೀ ಶೋಕಿಗೆ, ನಿಜವಾಗಿ ಹಿಡಿದಿರುವುದು ಸೊಲ್ಯೂಷನ್ ಎಂಬ ಅಂಟು. ಅಂಗಡಿಯವರು ಮೂರನ್ನೂ ‘ಅಸಲಿ ಕೊಲ್ಹಾಪುರಿ’ ಎಂದೇ ತೋರಿಸುತ್ತಾರೆ. ಎರಡನೆಯದನ್ನು ಹಾಗೆ ಕರೆದರೆ ಅರ್ಧ ಸುಳ್ಳು, ಮೂರನೆಯದನ್ನು ಕರೆದರೆ ಪೂರಾ ಸುಳ್ಳು.

ವ್ಯತ್ಯಾಸದ ಬೇರು ತೊಗಲಿನ ಹದದಲ್ಲಿದೆ. ಕೊಲ್ಹಾಪುರಿ ಅಟ್ಟೆಗೆ ಬೇಕಾದದ್ದು ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ಎಮ್ಮೆ-ಕೋಣದ ತೊಗಲು. ಹಸಿ ತೊಗಲನ್ನು ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿ, ಸುಣ್ಣದ ತೊಟ್ಟಿಯಲ್ಲಿ ಇಟ್ಟು ಕೂದಲು ಸಡಿಲಿಸಿ, ಒಳಬದಿಯ ಮಾಂಸ ಹೆರೆದು, ಸುಣ್ಣ ತೊಳೆದು, ತೊಗಟೆಯ ಕಷಾಯಕ್ಕೆ ಹಾಕುತ್ತಾರೆ. ಆಮೇಲೆ ಹಳೆಯ ಪದ್ಧತಿಯ ಮುಖ್ಯ ಕೆಲಸ ಶುರು. ಅರ್ಧ ಹದವಾದ ಇಡೀ ತೊಗಲನ್ನು ಅಂಚುಗೂಡಿಸಿ ಚೀಲದಂತೆ ಹೊಲಿದು, ಅಡ್ಡಗಂಬಕ್ಕೆ ತೂಗುಹಾಕಿ, ಒಳಗೆ ತೊಗಟೆಯ ಚೂರು, ಅಳಲೆಕಾಯಿ ಪುಡಿ ತುಂಬಿ ಕಷಾಯ ಹೊಯ್ಯುತ್ತಾರೆ. ಕಷಾಯ ತೊಗಲಿನ ರಂಧ್ರಗಳಿಂದ ಜಿನುಗಿ ಕೆಳಗಿಟ್ಟ ಪಾತ್ರೆಗೆ ಬೀಳುತ್ತದೆ. ಅದನ್ನೇ ಮತ್ತೆ ಮೇಲಿನಿಂದ ಹೊಯ್ಯುತ್ತಾರೆ. ತಳದ ಕಡೆಗೆ ಕಷಾಯ ಹೆಚ್ಚು ನಿಲ್ಲುವುದರಿಂದ ಕೆಲವು ದಿನಗಳ ಮೇಲೆ ಚೀಲವನ್ನು ತಲೆಕೆಳಗು ಮಾಡಿ, ಇನ್ನೊಂದು ಬದಿಯ ಬಾಯಿ ತೆರೆದು ಪುನಃ ತುಂಬುತ್ತಾರೆ. ಇಲ್ಲವಾದರೆ ಒಂದೇ ತೊಗಲಿನಲ್ಲಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದು ತಿಂಗಳ ಕೆಲಸ. ಕ್ರೋಮಿಯಂ ಉಪ್ಪಿನಲ್ಲಿ ತಿರುಗುವ ಡ್ರಮ್ಮಿಗೆ ಹಾಕಿದರೆ ಹದ ಮಾಡುವ ಹಂತ ಒಂದೆರಡು ದಿನದಲ್ಲಿ ಮುಗಿಯುತ್ತದೆ.

ಬರೀ ಹಳೆಯ ಪದ್ಧತಿ ಎಂಬ ಪ್ರೀತಿಗೆ ಇದನ್ನು ಹೊಗಳುತ್ತಿಲ್ಲ. ಕ್ರೋಮ್ ತೊಗಲು ಮೆದು, ಎಳೆದರೆ ಹಿಗ್ಗುತ್ತದೆ. ಬೂಟಿನ ಮೇಲ್ಭಾಗಕ್ಕೆ, ಚೀಲಕ್ಕೆ ಅದೇ ಒಳ್ಳೆಯದು. ಅಟ್ಟೆಗೆ ಅದು ನಡೆಯುವುದಿಲ್ಲ. ತೊಗಟೆಯ ಒಗರು ನಾರುಗಳ ನಡುವೆ ತುಂಬಿಕೊಂಡು ತೊಗಲನ್ನು ದಪ್ಪ, ಗಟ್ಟಿ ಮಾಡುತ್ತದೆ. ಅಂಥದ್ದನ್ನು ನೆನೆಸಿ ಬಡಿದರೆ ನಾರು ಒತ್ತೊತ್ತಾಗಿ ಕೂರುತ್ತವೆ, ಒಣಗಿದ ಮೇಲೆ ಹಾಗೆಯೇ ಉಳಿಯುತ್ತವೆ. ಕಾಲಿನ ಭಾರ ಬಿದ್ದಲ್ಲಿ ಮಾತ್ರ ಅದು ನಿಧಾನವಾಗಿ ತಗ್ಗಿ ನಿಮ್ಮ ಪಾದದ ಅಚ್ಚು ತೆಗೆದುಕೊಳ್ಳುತ್ತದೆ. ಬೆವರನ್ನೂ ಕುಡಿಯುತ್ತದೆ. ಮೇ ತಿಂಗಳಲ್ಲಿ ಸೊಲ್ಲಾಪುರದ ರಸ್ತೆಯಲ್ಲಿ ಪಿಯು ತಳದ ಚಪ್ಪಲಿ ಹಾಕಿದವರ ಅಂಗಾಲು ಬೆಂದು ಜಾರುತ್ತಿರುವಾಗ ತೊಗಲಿನದರೊಳಗೆ ಕಾಲು ಒಣಗಿಯೇ ಇರುತ್ತದೆ.

ಮುಂದಿನ ಕೆಲಸವೂ ತಳದ್ದೇ. ಒಂದೇ ತೊಗಲಿನಲ್ಲಿ ಬೆನ್ನಿನ ಭಾಗ ದಪ್ಪ ಮತ್ತು ಬಿಗಿ, ಹೊಟ್ಟೆಯ ಭಾಗ ಸಡಿಲು, ಕುತ್ತಿಗೆಯಲ್ಲಿ ಸುಕ್ಕು. ಬಲ್ಲ ಕುಶಲಕರ್ಮಿ ಅಡಿಯಟ್ಟೆಗೆ ಬೆನ್ನಿನದನ್ನೇ ತೆಗೆಯುತ್ತಾನೆ, ಸಡಿಲಿನದನ್ನು ಹಿಮ್ಮಡಿಯ ನಡುಪದರಕ್ಕೆ ಹಾಕುತ್ತಾನೆ. ಎಡಗಾಲಿಗೂ ಬಲಗಾಲಿಗೂ ಅಕ್ಕಪಕ್ಕದ ತುಂಡು ಹಿಡಿದರೆ ಮಾತ್ರ ಎರಡೂ ಒಂದೇ ಸಮ ಸವೆಯುತ್ತವೆ. ಈ ಆಯ್ಕೆ ಮಾಡುವವನು ಕೈಯಲ್ಲಿ ತೊಗಲು ಬಗ್ಗಿಸಿ ನೋಡುತ್ತಾನೆ, ಅಳತೆಪಟ್ಟಿ ಹಿಡಿಯುವುದಿಲ್ಲ. ಫ್ಯಾಕ್ಟರಿಗೆ ಇದೇ ತಲೆನೋವು. ಪ್ರೆಸ್ಸಿಗೆ ಕೊಡಲು ಅದಕ್ಕೆ ಎಲ್ಲಾ ಕಡೆ ಒಂದೇ ದಪ್ಪದ ಹಾಳೆ ಬೇಕು. ಅದಕ್ಕೇ ಲೆದರ್‌ಬೋರ್ಡ್. ತೊಗಲಿನ ಚೂರು, ಹೆರೆದ ಪುಡಿಗೆ ಅಂಟು ಸೇರಿಸಿ ಒತ್ತಿದ ಹಾಳೆ ಅದು. ನೋಡಲು ಕಂದು, ಮೂಸಿದರೆ ತುಸು ತೊಗಲಿನ ವಾಸನೆಯೂ ಬರುತ್ತದೆ, ಆದರೆ ಒಳಗೆ ಉದ್ದ ನಾರು ಎಂಬುದೇ ಇಲ್ಲ.

ಅಸಲಿಯಲ್ಲಿ ಮೇಲಟ್ಟೆ ಮತ್ತು ಅಡಿಯಟ್ಟೆಯ ನಡುವೆ ಎರಡೂ ಬದಿಯ ಕಿವಿಗಳನ್ನು (ಬದಿಗೆ ಚಾಚಿದ ತೊಗಲಿನ ತುಂಡುಗಳನ್ನು) ತೂರಿಸಿ, ಸುತ್ತಲೂ ಆರಿಯಿಂದ ತೂತು ಹಾಕಿ, ತೆಳ್ಳಗೆ ಸೀಳಿದ ಬಾರಿನಿಂದ ಹೊಲಿಯುತ್ತಾರೆ. ಪಟ್ಟಿ ಕೂರುವುದು ಈ ಕಿವಿಗಳ ಮೇಲೆ, ಹೆಬ್ಬೆರಳು ತೂರಿಸುವ ಬಳೆ, ಅಂದರೆ ಅಂಗಠಾ, ಮುಂದೆ ಬೇರೆ. ಕತ್ತರಿಸುವುದು, ಬಡಿಯುವುದು ಹೆಚ್ಚಾಗಿ ಗಂಡಸರ ಪಾಲು, ವೇಣಿ (ಪಟ್ಟಿಯ ಮೇಲಿನ ತೊಗಲಿನ ಜಡೆ) ಹೆಣೆಯುವುದು ಮತ್ತು ನಾಜೂಕು ಹೊಲಿಗೆ ಹೆಂಗಸರ ಪಾಲು. ಮೇಲಿನ ವೇಣಿಗೆ ತೆಳುವಾದ ಆಡಿನ ತೊಗಲು ಬಳಸುತ್ತಾರೆ. ಕೊನೆಗೆ ರಾಪಿ ಎಂಬ ತೊಗಲು ಕೊಯ್ಯುವ ಚಾಕುವಿನಿಂದ ಅಂಚು ಸವರಿ ಉಜ್ಜಿ ಹೊಳಪು ಕೊಡುತ್ತಾರೆ. ಅಂಚು ನೋಡಿದರೆ ಪದರಗಳು ಎಣಿಸಲು ಸಿಗಬೇಕು. ಕಪ್ಪು ಅಥವಾ ಕಂದು ಬಣ್ಣ ದಪ್ಪಗೆ ಬಳಿದು ಅಂಚು ಮುಚ್ಚಿದ್ದರೆ ಏನನ್ನೋ ಮರೆಮಾಡಿದ್ದಾರೆ ಎಂದೇ ತಿಳಿಯಿರಿ.

ಇನ್ನು ಅಂಗಡಿಯಲ್ಲಿ ನಿಂತು ನೋಡುವ ಬಗೆ. “ಕಾಕಾ, ತಳಾ ತೋರಸ್ರಿ” ಅಂದರೆ “ಪೂರಾ ತೊಗಲೇ ಅದರೀ ಸಾಹೇಬ್ರ, ಗ್ಯಾರಂಟಿ” ಎಂಬ ಉತ್ತರ ಬರುವುದು ಖಂಡಿತ. ಕೈಗೆ ತೆಗೆದುಕೊಂಡು ಮಗುಚಿ. ಬಾರಿನ ಹೊಲಿಗೆ ಚಪ್ಪಟೆಯಾಗಿರುತ್ತದೆ, ಒಂದು ಹೊಲಿಗೆ ತುಸು ಉದ್ದ, ಮುಂದಿನದು ತುಸು ಗಿಡ್ಡ. ಒಳ್ಳೆಯ ಕೆಲಸವಾದರೆ ಬಡಿದು ಮಟ್ಟ ಮಾಡಿರುತ್ತಾರೆ, ಬೆರಳಾಡಿಸಿದರೆ ಎಡವುವುದಿಲ್ಲ. ಮೇಲಿನ ಹೊಲಿಗೆಗೂ ಕೆಳಗಿನ ಹೊಲಿಗೆಗೂ ಸಂಬಂಧ ಇದೆಯೇ ನೋಡಿ. ಮೇಲೆ ಹೊಲಿಗೆ ಇದ್ದು ಕೆಳಗೆ ಏನೂ ಇಲ್ಲದಿದ್ದರೆ ಅದು ಬರೀ ಮೇಲ್ಪದರದ ಅಲಂಕಾರ, ಅಡಿಯಟ್ಟೆ ಅಂಟಿನ ಮೇಲೆ ನಿಂತಿದೆ. ಆಮೇಲೆ ಕಿವಿಯನ್ನು ಹಿಡಿದು ಸ್ವಲ್ಪ ಜಗ್ಗಿ, ಅಟ್ಟೆಗಳ ನಡುವೆ ಬಾಯಿ ಬಿಡಬಾರದು. ಹಿಮ್ಮಡಿಯ ಅಡಿಯಲ್ಲಿ ಮೊಳೆಯ ತಲೆ ಕಂಡರೆ ಅದು ಪೂರಾ ಕೈಕೆಲಸದ್ದಲ್ಲ.

ಪಟ್ಟಿಯ ಹಿಂಬದಿಯನ್ನು ಉಗುರಿನಿಂದ ಕೆರೆಯಿರಿ. ಬಟ್ಟೆಯ ಎಳೆ ಕಂಡರೆ ರೆಕ್ಸಿನ್. ಕತ್ತರಿಸಿದ ಅಂಚು ಒಳಗಿನವರೆಗೂ ಕಂದು ಇದ್ದರೆ ತೊಗಟೆಯ ಹದ, ನಡುವೆ ನೀಲಿ-ಬೂದು ಗೆರೆ ಇದ್ದರೆ ಕ್ರೋಮ್. ಒಂದು ಹನಿ ನೀರು ಬಿಟ್ಟರೆ ಬಣ್ಣ ಬಳಿಯದ ತೊಗಟೆ ಹದದ ತೊಗಲು ಅದನ್ನು ಕುಡಿದು ಗಾಢವಾಗುತ್ತದೆ, ಪಿಯು ಮೇಲೆ ಹನಿ ಹಾಗೆಯೇ ಉರುಳುತ್ತದೆ. ಇನ್ನೂ ಪಕ್ಕಾ ಬೇಕಾದರೆ ತುಕ್ಕು ಹಿಡಿದ ಮೊಳೆಯನ್ನು ಒದ್ದೆ ಮಾಡಿ ಅಟ್ಟೆಯ ಅಡಿಬದಿಗೆ ಒತ್ತಿ ಸ್ವಲ್ಪ ಹೊತ್ತು ಬಿಡಬೇಕು. ತೊಗಟೆಯ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಗಾಗುತ್ತದೆ, ಬರೀ ಕ್ರೋಮ್ ಹದದ ತೊಗಲಿಗೆ ಹಾಗೆ ಆಗದು. ಅಂಗಡಿಯವರು ಇದಕ್ಕೆ ಒಪ್ಪುವುದಿಲ್ಲ ಅನ್ನಿ, ಮನೆಗೆ ತಂದ ಮೇಲಿನ ಪರೀಕ್ಷೆ ಇದು. ಬೆಂಕಿ ಹಚ್ಚಿ ತೋರಿಸುವ ಆಟಕ್ಕೆ ಮರುಳಾಗಬೇಡಿ. ತೊಗಲಿನ ಅಟ್ಟೆಗೆ ಕಡ್ಡಿ ಹಿಡಿದರೆ ಸುಟ್ಟ ಕೂದಲಿನ ವಾಸನೆ ಬರುವುದು ನಿಜ. ಆದರೆ ಲೆದರ್‌ಬೋರ್ಡಿನಲ್ಲಿಯೂ ತೊಗಲಿನ ಪುಡಿ ಇರುವುದರಿಂದ ಅದೂ ಹಾಗೆಯೇ ನಾರುತ್ತದೆ.

ಕರ್ರ್ ಕರ್ರ್ ಸದ್ದಿನ ಬಗ್ಗೆ ಒಂದು ಮಾತು. ಗಟ್ಟಿ ತೊಗಲಿನ ಪದರಗಳು ಒಂದಕ್ಕೊಂದು ತಿಕ್ಕುವಾಗ ಆ ಸದ್ದು ಬರುತ್ತದೆ. ಸದ್ದು ಜೋರಾಗಲಿ ಎಂದು ಅಟ್ಟೆಗಳ ನಡುವೆ ಬೇರೆ ತುಂಡು ಇಡಿಸುವವರೂ ಇದ್ದಾರೆ. ಊರಗೌಡಕಿಯ ಖದರು ಅದು, ಚಪ್ಪಲಿಯ ಗುಣಕ್ಕೆ ಸಂಬಂಧವಿಲ್ಲ. ಎಣ್ಣೆ ಕುಡಿದ ಮೇಲೆ ಎಷ್ಟೋ ಜೋಡಿ ಸುಮ್ಮನಾಗುತ್ತವೆ. ಭಾರವೂ ಗುಣದ ಗುರುತಲ್ಲ. ದಪ್ಪ ಹಿಮ್ಮಡಿ, ಪದರದ ಮೇಲೆ ಪದರದ ಭಾರಿ ಜೋಡಿ ಮದುವೆ ಫೋಟೋಕ್ಕೆ ಚೆಂದ. ದಿನಾ ನಡೆಯುವವರಿಗೆ ಎರಡು ಪದರದ ತೆಳು ಅಟ್ಟೆಯದೇ ಮೇಲು, ಮುಂಗಾಲಿನ ಬಳಿ ಅದು ಬಾಗುತ್ತದೆ. ಕಾಗಲ ತಾಲ್ಲೂಕಿನ ಕಾಪಶಿ ಊರಿನ ಹೆಸರಿನಲ್ಲಿ ಮಾರುವ ಕಾಪಶಿ ಮಾದರಿಗೆ ಬೇಡಿಕೆ ಹೆಚ್ಚು. ಆದರೆ ಈಗ ಆ ಹೆಸರೂ ಮಾದರಿಯನ್ನಷ್ಟೇ ಹೇಳುತ್ತದೆ, ಮಾಡಿದ ಊರನ್ನಲ್ಲ.

ಹೊಸ ಜೋಡಿ ಕಚ್ಚುತ್ತದೆ. ಇದು ದೂರಾಗಿ ಬರೆಯುವ ಸಂಗತಿಯಲ್ಲ, ವಸ್ತುವಿನ ಸ್ವಭಾವ. ಕಚ್ಚುವ ಜಾಗ ಮೂರು: ಹೆಬ್ಬೆರಳ ಅಂಗಠಾದ ಒಳಬದಿ, ಪಟ್ಟಿಯ ಮುಂದಿನ ಅಂಚು, ಕಿವಿ ಮೇಲೇಳುವ ಮೂಲೆ. ಕೊಳ್ಳುವಾಗಲೇ ಪಟ್ಟಿ ಬಿಗಿಯಾಗಿ ಕೂರುವ ಅಳತೆ ತೆಗೆದುಕೊಳ್ಳಿ. ಪಟ್ಟಿ ಹಿಗ್ಗುತ್ತದೆ, ಅಟ್ಟೆ ಹಿಗ್ಗುವುದಿಲ್ಲ. ಆದ್ದರಿಂದ ಉದ್ದದಲ್ಲಿ ಹಿಮ್ಮಡಿ ಹೊರಗೆ ಬೀಳಬಾರದು, ಅಗಲದಲ್ಲಿ ಬಿಗಿ ಇರಬೇಕು. ಅರ್ಧ ಸೈಜು ಸಿಗುವುದು ಅಪರೂಪ. ಎರಡು ಅಳತೆಗಳ ನಡುವೆ ಬರುವವರು ಉದ್ದಕ್ಕೆ ಹೊಂದುವುದನ್ನು ತೆಗೆದುಕೊಂಡು ಪಟ್ಟಿ ಬಿಗಿ ಮಾಡಿಸಿಕೊಳ್ಳಬೇಕು. ಸ್ವತಃ ಮಾಡಿ ಮಾರುವವರ ಬಳಿ ಇದು ಸ್ವಲ್ಪ ಹೊತ್ತಿನ ಕೆಲಸ, ಬರೀ ತಂದು ಮಾರುವವರ ಬಳಿ ಆಗದ ಕೆಲಸ.

ಮನೆಗೆ ತಂದ ಮೇಲೆ ಔಡಲ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬಟ್ಟೆಗೆ ತಾಗಿಸಿ ಪಟ್ಟಿಯ ಒಳಬದಿಗೆ, ಅಂಗಠಾಕ್ಕೆ, ಕಿವಿಯ ಬುಡಕ್ಕೆ ತೆಳ್ಳಗೆ ಹಚ್ಚಿ ರಾತ್ರಿ ಬಿಡಿ. ಮರುದಿನ ಒರೆಸಿ ಮನೆಯೊಳಗೆ ಒಂದರ್ಧ ಗಂಟೆ ಹಾಕಿ ಓಡಾಡಿ. ವಾರದೊಳಗೆ ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು. ಶೇಂಗಾ ಎಣ್ಣೆ ಬೇಡ, ಜಿಗುಟಾಗಿ ದೂಳು ಹಿಡಿಯುತ್ತದೆ. ಎಣ್ಣೆಯಲ್ಲಿ ಅದ್ದಿ ತೆಗೆಯುವ ಪದ್ಧತಿಯಂತೂ ಬೇಡವೇ ಬೇಡ. ಪಟ್ಟಿ ಸೋತು ಹಿಗ್ಗುತ್ತದೆ, ಅಟ್ಟೆಯ ಬಿಗಿ ಹೋಗುತ್ತದೆ, ಮುಂದೆ ಯಾವ ಸೊಲ್ಯೂಷನ್ನೂ ಹಿಡಿಯುವುದಿಲ್ಲ. ಗ್ರಾನೈಟ್, ಟೈಲ್ಸ್ ನೆಲದ ಮೇಲೆ ತೊಗಲಿನ ಅಟ್ಟೆ ಜಾರುತ್ತದೆ, ವಯಸ್ಸಾದವರಿಗೆ ಅಪಾಯವೇ. ಅಂಥವರು ಅಡಿಗೆ ತೆಳು ರಬ್ಬರ್ ಹಾಳೆ ಹಚ್ಚಿಸುವುದು ಒಳ್ಳೆಯದು. ಅದನ್ನು ಎಣ್ಣೆ ಮುಟ್ಟಿಸುವ ಮೊದಲೇ, ಅಟ್ಟೆಯನ್ನು ಉಜ್ಜುಕಾಗದದಿಂದ ಒರಟು ಮಾಡಿ ಹಚ್ಚಿಸಬೇಕು. ರಬ್ಬರ್ ಹಾಕಿದರೆ ಅಸಲಿತನ ಕೆಟ್ಟಿತು ಎನ್ನುವವರ ಮಾತಿಗೆ ಕಿವಿಗೊಡಬೇಕಿಲ್ಲ. ಅಡಿಯ ಹೊಲಿಗೆ ನೆಲಕ್ಕೆ ಉಜ್ಜಿ ಹರಿಯುವುದೇ ಈ ಚಪ್ಪಲಿಯ ದೊಡ್ಡ ದೌರ್ಬಲ್ಯ, ರಬ್ಬರ್ ಅದನ್ನು ಕಾಯುತ್ತದೆ.

ಮಳೆ ಇದರ ವೈರಿ. ಒದ್ದೆಯಾದರೆ ಒಗರು ಬಿಟ್ಟು ಅಂಗಾಲು, ಪಂಚೆಯ ಅಂಚು ಕಂದಾಗುತ್ತವೆ. ಅಟ್ಟೆ ಉಬ್ಬುತ್ತದೆ, ಬಾರಿನ ಹೊಲಿಗೆ ಸಡಿಲಾಗುತ್ತದೆ. ಬಿಸಿಲಿಗಿಟ್ಟರೆ ಇನ್ನೂ ಕೆಡುಕು: ಮೇಲ್ಪದರ ಬೇಗ ಒಣಗಿ ಕುಗ್ಗಿ ಮುಂಭಾಗ ದೋಣಿಯಂತೆ ಮೇಲೇಳುತ್ತದೆ. ನೆನೆದರೆ ಒರೆಸಿ, ಪಟ್ಟಿಯೊಳಗೆ ಹಳೆಯ ಪೇಪರ್ ತುರುಕಿ, ನೆರಳಿನಲ್ಲಿ ಎರಡೂ ಬದಿಗೆ ಗಾಳಿಯಾಡುವಂತೆ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎಣ್ಣೆ ಕೊಡಿ. ಕಬ್ಬಿಣದ ಸ್ಟ್ಯಾಂಡ್ ಮೇಲೆ ಒದ್ದೆ ಜೋಡಿ ಇಡಬೇಡಿ, ಮೊದಲು ಹೇಳಿದ ಕಪ್ಪು ಕಲೆ ಅಲ್ಲಿಯೇ ಬೀಳುತ್ತದೆ. ಲಿಂಬೆರಸ ಅದನ್ನು ತಿಳಿ ಮಾಡೀತು, ಪೂರ್ತಿ ತೆಗೆಯದು. ಮಳೆಗಾಲದಲ್ಲಿ ಎತ್ತಿಡುವುದಾದರೆ ಪ್ಲಾಸ್ಟಿಕ್ ಚೀಲದಲ್ಲಲ್ಲ, ಬಟ್ಟೆಯಲ್ಲಿ ಸುತ್ತಿಡಿ. ಬಿಳಿ ಬೂಷ್ಟು ಬಂದರೆ ಹೆದರಬೇಕಿಲ್ಲ, ಒಣಬಟ್ಟೆಯಿಂದ ಒರೆಸಿ ಗಾಳಿಗಿಟ್ಟರೆ ಹೋಗುತ್ತದೆ. ನಾಯಿಗೆ ಎಟುಕದಂತೆ ಇಡುವುದನ್ನು ಮಾತ್ರ ಮರೆಯಬೇಡಿ. ಅಸಲಿ ಯಾವುದು, ನಕಲಿ ಯಾವುದು ಎಂದು ಯಾವ ಸರ್ಟಿಫಿಕೇಟೂ ಇಲ್ಲದೆ ಪತ್ತೆಹಚ್ಚುವುದು ಅದೊಂದೇ.

ಫ್ಯಾಕ್ಟರಿ ಮಾಲಿಗೆ ಮಳೆಯಲ್ಲಿ ಏನಾಗುತ್ತದೆ? ಅಚ್ಚಿನ ಪ್ಲಾಸ್ಟಿಕ್ ತಳದ್ದಾದರೆ ಏನೂ ಆಗುವುದಿಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನಲ್ಲಿ ಓಡಾಡುವವರಿಗೆ ಅದೇ ಸರಿ. ಕೆಡುವುದು ಲೆದರ್‌ಬೋರ್ಡಿನದು. ಎರಡು ಸಲ ಜೋರಾಗಿ ನೆನೆದರೆ ಅಂಚು ಉಬ್ಬಿ, ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ. ಆಗ ಮೂಲೆಯ ಮೋಚಿಯ ಬಳಿ ಒಯ್ದರೂ ಪ್ರಯೋಜನವಿಲ್ಲ. ಸೂಜಿ ಹಾಕಿದಲ್ಲಿ ಬೋರ್ಡ್ ಹರಿಯುತ್ತದೆ, ಹೊಸ ಹೊಲಿಗೆಗೆ ಹಿಡಿತ ಸಿಗುವುದಿಲ್ಲ. ಪಿಯು ಪಟ್ಟಿಯೂ ಎರಡು ಮೂರು ಬೇಸಿಗೆ ಕಳೆದ ಮೇಲೆ, ಬಳಸದೆ ಇಟ್ಟಿದ್ದರೂ, ಸಿಪ್ಪೆಯಂತೆ ಸುಲಿಯತೊಡಗುತ್ತದೆ. ಕೈಕೆಲಸದ್ದರಲ್ಲಿ ಮೊದಲು ಹೋಗುವುದು ಅಂಗಠಾ, ಆಮೇಲೆ ಹಿಮ್ಮಡಿಯ ಹೊರ ಅಂಚು, ಆಮೇಲೆ ಅಡಿಯ ಹೊಲಿಗೆ. ಮೂರನ್ನೂ ಬದಲಿಸಬಹುದು. ಅಂಗಠಾ ಹರಿದ ಕೂಡಲೇ ಹಾಕಿಸಬೇಕು. ಹಾಗೆಯೇ ಎಳೆದುಕೊಂಡು ನಡೆದರೆ ಅಟ್ಟೆಯ ತೂತು ದೊಡ್ಡದಾಗಿ ಹೊಸ ಬಾರು ನಿಲ್ಲುವುದಿಲ್ಲ.

ನಡುವಿನ ಮಿಶ್ರ ಮಾಲನ್ನು ಬೈಯುವುದು ಕೆಲವರಿಗೆ ಹವ್ಯಾಸ. ನಮ್ಮ ಅಭಿಪ್ರಾಯದಲ್ಲಿ ದಿನಬಳಕೆಗೆ ಕೊಳ್ಳುವವರಲ್ಲಿ ಬಹುಮಂದಿಗೆ ಅದೇ ಸಾಕು. ತೊಗಲಿನ ಅಟ್ಟೆಯ ಸುಖ ಅದರಲ್ಲೂ ಇದೆ, ನೈಲಾನ್ ದಾರ ನೀರಿಗೆ ಬಾರಿಗಿಂತ ಚೆನ್ನಾಗಿ ತಡೆಯುತ್ತದೆ. ಅದರ ದೋಷ ಬೇರೆ. ಹೊಲಿಗೆ ತೀರಾ ಒತ್ತಾಗಿದ್ದರೆ ತೂತುಗಳ ಸಾಲಿನಗುಂಟ ತೊಗಲೇ ಸೀಳುತ್ತದೆ, ದಾರ ಗಟ್ಟಿ ಉಳಿದು ಅಂಚು ಕಳಚಿ ಬರುತ್ತದೆ. ಹೊಲಿಗೆ ಅಂಚಿಗೆ ತೀರಾ ಹತ್ತಿರ ಇರುವುದನ್ನು, ತುಂಬಾ ಸಣ್ಣ ಹೊಲಿಗೆಯದನ್ನು ಬಿಟ್ಟುಬಿಡಿ. ತಕರಾರು ಇರುವುದು ಬೆಲೆಯಲ್ಲಿ. ಮಶೀನ್ ಹೊಲಿಗೆಯ ಜೋಡಿಗೆ ಕೈಹೊಲಿಗೆಯ ದರ ಕೇಳಿದರೆ ಕೊಡಬೇಡಿ.

ದರದ ಲೆಕ್ಕಕ್ಕೆ ಬಂದರೆ, ನಾಲ್ಕೈದು ನೂರಕ್ಕೆ ಪೂರಾ ತೊಗಲಿನ ಕೈಕೆಲಸದ ಜೋಡಿ ಬರುವುದು ಅಸಾಧ್ಯ, ತೊಗಲಿನ ಅಸಲೇ ಅಷ್ಟರಲ್ಲಿ ಹುಟ್ಟುವುದಿಲ್ಲ. ಸಾದಾ ಕೈಕೆಲಸದ್ದು ಸಾವಿರದ ಮೇಲೆ, ಹೆಣಿಗೆ ಹೆಚ್ಚಿದ್ದಂತೆ ಎರಡು ಮೂರು ಸಾವಿರದವರೆಗೆ ಹೋಗುತ್ತದೆ. ತೆರಿಗೆಯ ಗೆರೆಯನ್ನೂ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲಿನದಕ್ಕೆ ಶೇ. 18. ಅಂದರೆ ತೆರಿಗೆಗೆ ಮೊದಲು 2,500 ಇರುವ ಜೋಡಿಗೆ ಬಿಲ್ಲು 2,625, ಬರೀ ನೂರು ಹೆಚ್ಚಿರುವ 2,600ರ ಜೋಡಿಗೆ 3,068. ಈ ಗೆರೆ ಪಿಯು ಮಾಲನ್ನು ಮುಟ್ಟುವುದೇ ಇಲ್ಲ. ಏಟು ಬೀಳುವುದು ಹೆಚ್ಚು ದಿನ ಕೂತು ಮಾಡಿದ ಜೋಡಿಗೆ.

ಕಚ್ಚಾ ಮಾಲಿನ ಕಥೆಯೂ ಬದಲಾಗಿದೆ. ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿಗಳ ವಧೆಗೂ ನಿಷೇಧ ಬಂದಿತು. ಎಮ್ಮೆ-ಕೋಣ ಅದರಲ್ಲಿ ಸೇರಿಲ್ಲವಾದರೂ ಸುತ್ತಲಿನ ಊರುಗಳಿಂದ ಬರುತ್ತಿದ್ದ ತೊಗಲಿನ ವ್ಯಾಪಾರವೇ ಅಂಜಿ ಕುಗ್ಗಿತು. ತೊಗಲು ಹದ ಮಾಡುವ ಮನೆತನಗಳೂ ಆ ಕಸುಬು ಬಿಡುತ್ತ ಬಂದವು. ವಾಸನೆ, ನೀರು, ಅದರ ಮೇಲೆ ಜಾತಿಯ ಹೀನಾಯ, ಇಷ್ಟೆಲ್ಲ ಹೊತ್ತು ತಿಂಗಳು ಕಾಯುವ ಕೆಲಸಕ್ಕೆ ಮಕ್ಕಳು ಬರದಿದ್ದರೆ ಆಶ್ಚರ್ಯವೇನು? ಈಗ ಅಟ್ಟೆಯ ತೊಗಲಿನಲ್ಲಿ ಬಹಳಷ್ಟು ಚೆನ್ನೈ ಕಡೆಯಿಂದ ಹದವಾಗಿಯೇ ಬರುತ್ತದೆ. ಅದು ಕೆಟ್ಟದ್ದೆಂದಲ್ಲ. ಚೀಲದಲ್ಲಿ ಹದ ಮಾಡಿದ ಸ್ಥಳೀಯ ತೊಗಲು ಎಂದು ಯಾರಾದರೂ ಹೆಚ್ಚು ದರ ಕೇಳಿದರೆ ಎಲ್ಲಿ, ಯಾರು ಹದ ಮಾಡಿದ್ದು ಎಂದು ಕೇಳುವ ಹಕ್ಕು ನಿಮಗಿದೆ.

2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್ ಪ್ರದರ್ಶನದಲ್ಲಿ ಇದೇ ಆಕಾರದ ಚಪ್ಪಲಿ ತೋರಿಸಿದಾಗ ಕೊಲ್ಹಾಪುರದ ಹೆಸರನ್ನೇ ಎತ್ತಿರಲಿಲ್ಲ. ಗಲಾಟೆ ಎದ್ದ ಮೇಲೆ ಮೂಲ ಎಲ್ಲಿಯದೆಂದು ಒಪ್ಪಿಕೊಂಡಿತು. ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಜುಲೈನಲ್ಲಿ ವಜಾ ಆಯಿತು. ಜಿಐ, ಅಂದರೆ ಭೌಗೋಳಿಕ ಗುರುತಿನ ಹಕ್ಕಿನ ತಕರಾರು ಎತ್ತಬೇಕಾದವರು ನೋಂದಾಯಿತ ಒಡೆಯರೇ ಎಂಬುದು ಅದರ ತಿರುಳು. ಆ ಒಡೆಯರು ಎರಡು ಸರ್ಕಾರಿ ಚರ್ಮೋದ್ಯಮ ನಿಗಮಗಳು: ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್. 2019ರಲ್ಲಿ ಸುದ್ದಿಯಾದ ಈ ಜಿಐ ಎಂಟು ಜಿಲ್ಲೆಗಳದ್ದು. ಆ ಕಡೆ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಈ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಗಡಿ ತಕರಾರಿನ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಕೊಳೆಯುತ್ತಿರುವಾಗ ಚಪ್ಪಲಿಯ ವಿಷಯದಲ್ಲಿ ಮಾತ್ರ ಎರಡೂ ರಾಜ್ಯದ ನಿಗಮಗಳು ಒಟ್ಟಾಗಿ ಅರ್ಜಿ ಹಾಕಿದ್ದವು! 2025ರ ಡಿಸೆಂಬರ್‌ನಲ್ಲಿ ಪ್ರಾಡಾ ಈ ಎರಡು ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡು, ಇಲ್ಲಿಯೇ 2,000 ಜೋಡಿ ಮಾಡಿಸಿ ಜೋಡಿಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಹೇಳಿತು. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿ ದಾಟುತ್ತದೆ.

ಗಿರಾಕಿಗೆ ಇದರಲ್ಲಿ ತಿಳಿಯಬೇಕಾದದ್ದು ಇಷ್ಟು. ಜಿಐ ಕಾಯುವುದು ಹೆಸರನ್ನು, ಆಕಾರವನ್ನಲ್ಲ. ಅಂಗಠಾ ಇರುವ ಚಪ್ಪಲಿಯನ್ನು ಯಾರು ಬೇಕಾದರೂ ಮಾಡಬಹುದು, ‘ಕೊಲ್ಹಾಪುರಿ’ ಎಂದು ಕರೆಯುವಂತಿಲ್ಲ. ಈ ನಿಯಮ ಹೆಚ್ಚು ಮುರಿಯುವುದು ಮಿಲಾನ್‌ನಲ್ಲಲ್ಲ, ನಮ್ಮದೇ ಬಸ್‌ಸ್ಟ್ಯಾಂಡಿನ ಗಾಡಿಗಳಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ. ‘ಕೊಲ್ಹಾಪುರಿ ಸ್ಟೈಲ್’ ಎಂಬ ಮಾತು ಅಲ್ಲಿ ಕಂಡರೆ ಅದು ಪಿಯು ಎಂದೇ ಹಿಡಿಯಿರಿ. ಲಿಡ್‌ಕಾಮ್ ಈಗ ಅಸಲಿ ಜೋಡಿಗೆ ಕ್ಯೂಆರ್ ಕೋಡ್ ಕೊಡತೊಡಗಿದೆ. ಸ್ಕ್ಯಾನ್ ಮಾಡಿದರೆ ಮಾಡಿದವರ, ಮಾಡಿದ ಜಿಲ್ಲೆಯ ವಿವರ ಬರಬೇಕು. ಬರೀ ಸ್ಟಿಕ್ಕರ್ ಅಂಟಿಸಿದ್ದು ಸಾಲದು, ಸ್ಕ್ಯಾನ್ ಮಾಡಿಯೇ ನೋಡಿ.

ಎಲ್ಲಿ ಕೊಳ್ಳಬೇಕು? ಕೊಲ್ಹಾಪುರದ ಅಂಬಾಬಾಯಿ ಗುಡಿಯ ಹತ್ತಿರದ ಚಪ್ಪಲ್ ಲೈನಿನಲ್ಲಿ ಆಯ್ಕೆ ಹೆಚ್ಚು. ಮೂರೂ ಬಗೆಯ ಮಾಲು ಒಂದೇ ಗೋಡೆಗೆ ನೇತಾಡುತ್ತಿರುವುದರಿಂದ ಮಗುಚಿ ಹೋಲಿಸಲು ಅನುಕೂಲ. ಚೌಕಾಶಿಯೂ ನಡೆಯುತ್ತದೆ. ಹಬ್ಬ, ರಜೆಯ ದಿನ ಅಲ್ಲಿ ಯಾತ್ರಿಕರ ನೂಕುನುಗ್ಗಲು, ತಳ ನೋಡಲು ಪುರುಸೊತ್ತು ಕೊಡುವುದಿಲ್ಲ. ಮಾಡಿಸಿಕೊಳ್ಳುವವರು ಸುಭಾಷ್ ನಗರದ ಕೆಲಸದ ಮನೆಗಳ ಕಡೆ ಹೋಗುವುದು ಮೇಲು: ಪಾದದ ಅಳತೆ ಕೊಡಬಹುದು, ತೊಗಲು ಆರಿಸಬಹುದು. ಜತ್ತ ಕಡೆಯವರಿಗೆ ಅಥಣಿ ಹತ್ತಿರ. ಟೋಹೋಲ್ಡ್ ಹೆಸರಿನಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳು ಹೊರದೇಶಕ್ಕೆ ಕಳಿಸುವ ಚಪ್ಪಲಿ ಮಾಡಿ ಹೆಸರಾದದ್ದು ಅಲ್ಲಿಯೇ. ಹೊರದೇಶದ ಗಿರಾಕಿ ಎರಡು ಕಾಲಿನದೂ ಒಂದೇ ಅಳತೆ, ಒಂದೇ ಬಣ್ಣ ಕೇಳುತ್ತಾನಾದ್ದರಿಂದ ಅಂಥ ಕಡೆಯ ಮಾಲಿನಲ್ಲಿ ಸೈಜಿನ ಏರುಪೇರು ಕಡಿಮೆ. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಂಥ ಕಡೆ ಸಾಲಾಗಿ ಕೂರುವ ಅಂಗಡಿಗಳಲ್ಲಿ ಒಳ್ಳೆಯದೂ ಸಿಕ್ಕೀತು. ಆದರೆ ಜಾತ್ರೆ ಮುಗಿದ ಮೇಲೆ ತಿರುಗಿಸಲು ಯಾರೂ ಇರುವುದಿಲ್ಲ. ಅಲ್ಲಿ ಫ್ಯಾಕ್ಟರಿ ಮಾಲಿನ ದರದಷ್ಟೇ ಹಣ ಹೂಡಿ.

ಆನ್‌ಲೈನಿನಲ್ಲಿ ಕೊಳ್ಳುವವರು ಮೂರು ಫೋಟೋ ಕೇಳಲಿ: ಅಡಿಯಟ್ಟೆ, ಅಂಚಿನ ಪದರ, ಪಟ್ಟಿಯ ಹಿಂಬದಿ. ಮಾಡಿ ಮಾರುವವರು ಆಗಲೇ ಫೋಟೋ ತೆಗೆದು ಕಳಿಸುತ್ತಾರೆ, ತಂದು ಮಾರುವವರು ಮತ್ತೆ ಗೊಂಡೆಯ ಫೋಟೋವನ್ನೇ ಕಳಿಸುತ್ತಾರೆ. ಅಳತೆಗೆ ನಂಬರ್ ಕೊಡಬೇಡಿ, ಕಾಗದದ ಮೇಲೆ ಪಾದ ಇಟ್ಟು ಗೆರೆ ಎಳೆದು ಉದ್ದವನ್ನೂ ಮುಂಗಾಲಿನ ಅಗಲವನ್ನೂ ಸೆಂಟಿಮೀಟರಿನಲ್ಲಿ ಕಳಿಸಿ. ಸಂಜೆ ಹೊತ್ತು ಅಳೆಯಿರಿ, ದಿನವಿಡೀ ನಡೆದ ಪಾದ ತುಸು ಊದಿರುತ್ತದೆ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಕಡಿಮೆಯಾದವರು ಹೊಸ ಕೈಕೆಲಸದ ಜೋಡಿಯನ್ನು ಕೊಳ್ಳದಿರುವುದೇ ಒಳಿತು. ಅಂಗಠಾ ಕಚ್ಚಿ ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ. ಉಳಿದವರು ಮಳೆ ಕಳೆದು ದೀಪಾವಳಿ ಹೊತ್ತಿಗೆ ಕೊಳ್ಳಿ. ಮಳೆಗಾಲದಲ್ಲಿ ಮಾಡಿದ ಜೋಡಿ ಒಳಪದರದಲ್ಲಿ ಪೂರ್ತಿ ಒಣಗಿರುವುದಿಲ್ಲ, ಬೇಸಿಗೆಗೆ ಅಂಚು ಬಿಟ್ಟುಕೊಳ್ಳುತ್ತದೆ. ದೀಪಾವಳಿಗೆ ತಂದು ಹದಗೊಳಿಸಿದರೆ ಫೆಬ್ರವರಿಯ ಬಿಸಿಲು ಏರುವ ಹೊತ್ತಿಗೆ ಪಟ್ಟಿ ಕಾಲಿಗೆ ಕೂತಿರುತ್ತದೆ.